ಗಂಗಮ್ಮನ ಜಾಮೀನು

ಗಂಗಮ್ಮನ ಬಗ್ಗೆ ಬರೆಯಲು ನಾನು ತಕ್ಕ ಮನುಷ್ಯನಲ್ಲ. ಬದುಕಿದ್ದಷ್ಟು ದಿನ ಆಕೆಗೂ ನನಗೂ ಎಣ್ಣೆ ಸೀಗೆಕಾಯಿ. ಆದರೂ ಬರೆಯುತ್ತೇನೆ, ಯಾಕೆಂದರೆ ಆಕೆಯನ್ನು ಕಾಣದವರು ಬರೆದರೆ ಮಹಾಸಾಧ್ವಿ ಮಾಡಿ ಹೂವಿನ ಹಾರ ಹಾಕಿಬಿಡುತ್ತಾರೆ. ಆಕೆ ಸಾಧ್ವಿಯಲ್ಲ, ಬಾಯಿಬಡುಕಿ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಆ ನಾಲ್ಕಾರು ವರ್ಷ ನಾನು ದಕ್ಷಿಣ ಕೊಡಗಿನ ಒಂದು ಪಟ್ಟಣದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದೆ. ಪಟ್ಟಣದ ಹೆಸರು ಹೇಳುವುದಿಲ್ಲ, ಅಲ್ಲಿ ನನ್ನ ಬೀಗರಿದ್ದಾರೆ. ಪುಟ್ಟ ರಾಜ್ಯ, ಪುಟ್ಟ ಖಜಾನೆ. ಎರಡು ಕೋರ್ಟಿಗೆ ಒಬ್ಬರೇ ಮ್ಯಾಜಿಸ್ಟ್ರೇಟರು. ನಮ್ಮಲ್ಲಿಗೆ ಮಂಗಳವಾರ, ಶುಕ್ರವಾರ ಮಾತ್ರ ಬರುತ್ತಿದ್ದರು. ಸಾಕ್ಷಿಗಳಿಗೆ ಭತ್ಯೆಯಿಲ್ಲ, ಕೈದಿಗಳನ್ನು ಕರೆತರಲು ಪೊಲೀಸರಿಲ್ಲ. ಹೀಗಾಗಿ ಕೇಸುಗಳು ಮುಂದಕ್ಕೆ ಹೋಗುತ್ತಲೇ ಇದ್ದವು.

ಕೋರ್ಟಿನಿಂದ ಅರ್ಧ ಮೈಲಿ ಕೆಳಗೆ ಸಬ್ ಜೈಲು. ಹನ್ನೆರಡು ಜನರಿಗೆಂದು ಕಟ್ಟಿದ್ದರಲ್ಲಿ ಮೂವತ್ತೊಂದು ಜನ. ಕಾಲು ಚಾಚಿ ಮಲಗಲೂ ಸರದಿ. ಅಲ್ಲಿ ಅಡಿಗೆ ಮಾಡುತ್ತಿದ್ದವಳು ಗಂಗಮ್ಮ. ಹಾಸನದ ಕಡೆಯ ಹೆಂಗಸು. ಗಂಡ ಅದೇ ಜೈಲಿನಲ್ಲಿ ವಾರ್ಡರ್ ಆಗಿದ್ದು ತೀರಿಕೊಂಡ ಮೇಲೆ ಆ ಕೆಲಸ ಈಕೆಗೆ ಬಂದಿತ್ತು. ಇದ್ದ ಒಂದೇ ಹಂಡೆಯಲ್ಲಿ ದಿನಕ್ಕೆ ಮೂರು ಸಲ ಗಂಜಿ ಬೇಯಿಸಿ ಮೂರು ಪಂಕ್ತಿ ಬಡಿಸುತ್ತಿದ್ದಳು. ಬಡಿಸುವಾಗ ಒಬ್ಬೊಬ್ಬನನ್ನೂ ವಿಚಾರಿಸುತ್ತಿದ್ದಳು. ಮೂವತ್ತೊಂದು ಜನರಲ್ಲಿ ಶಿಕ್ಷೆಯಾದವರು ಏಳೇ ಜನ, ಉಳಿದವರ ವಿಚಾರಣೆಯೇ ಆಗಿಲ್ಲ ಎಂಬುದು ನನ್ನ ರಿಜಿಸ್ಟರಿಗಿಂತ ಮೊದಲು ಆಕೆಗೆ ಗೊತ್ತಿತ್ತು.

ಒಂದು ಶುಕ್ರವಾರ ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಗುಮಾಸ್ತ್ರೇ, ಆ ಸಿದ್ದನ್ನ ಯಾಕೆ ಬಿಡ್ತಾ ಇಲ್ಲ?"

ಸಿದ್ದ ಬಿಟ್ಟಂಗಾಲದ ಕಡೆಯ ಒಂದು ಕಾಫಿ ಎಸ್ಟೇಟಿನ ಆಳು. ಹಣ್ಣು ಕುಯ್ಯುವ ಕಾಲದಲ್ಲಿ ಒಂದು ಗೋಣಿ ಕಾಫಿ ಅವನಿದ್ದ ಲೈನಿನ, ಅಂದರೆ ಆಳುಗಳ ಸಾಲುಮನೆಯ, ಹಿಂದೆ ಸಿಕ್ಕಿತೆಂದು ಹಿಡಿದು ತಂದಿದ್ದರು. ನಾಲ್ಕು ತಿಂಗಳಾಗಿತ್ತು. ಕಳ್ಳತನ ಸಾಬೀತಾಗಿದ್ದರೂ ಅಷ್ಟು ಶಿಕ್ಷೆ ಬೀಳುತ್ತಿರಲಿಲ್ಲ.

"ಜಾಮೀನು ಕೊಡುವವರು ಯಾರೂ ಇಲ್ಲ," ಎಂದೆ. "ಜಾಮೀನಿಗೆ ಜಮೀನಿನ ಕಾಗದ ಬೇಕು."

"ಅವರ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರು ಬಂದಿದ್ರಲ್ಲ, ಕೊಡವರು. ಅವರಿಗೆ ಗದ್ದೆ ಇಲ್ವಾ?"

"ಅದು ಜಮ್ಮ ಭೂಮಿ. ಇಡೀ ಒಕ್ಕದ್ದು. ಮನೆತನದ ಎಲ್ಲರ ಒಪ್ಪಿಗೆಯಿಲ್ಲದೆ ಅವರೊಬ್ಬರ ಸಹಿ ನಡೆಯುವುದಿಲ್ಲ."

"ಅಂದ್ರೆ ಇಲ್ಲದೋನಿಗೂ ಇಲ್ಲ, ಇರೋನು ಕೊಟ್ರೂ ಇಲ್ಲ. ಚೆನ್ನಾಗೈತೆ ನಿಮ್ಮ ಕಾನೂನು."

ನನಗೆ ಮೈ ಉರಿಯಿತು. ಅಡಿಗೆಯವಳ ಕೈಲಿ ಕಾನೂನು ಕಲಿಯಬೇಕೇ? ಹೊರಗೆ ಹೋಗು ಎಂದೆ. ಆಕೆ ಒಳಗೆ ಹೋದಳು, ಮ್ಯಾಜಿಸ್ಟ್ರೇಟರ ಕೋಣೆಗೆ. ಅವರು ಬಂದು ಒಂದು ತಿಂಗಳಾಗಿತ್ತಷ್ಟೆ, ಮೆತ್ತಗಿನ ಮನುಷ್ಯ.

"ಸ್ವಾಮಿ, ಎಸ್ಟೇಟಲ್ಲಿ ದಿನಾ ಬೆಳಿಗ್ಗೆ ರೈಟರು ಚೆಕ್‌ರೋಲ್ ಹಿಡ್ಕೊಂಡು ಒಬ್ಬೊಬ್ಬರ ಹೆಸರು ಕೂಗ್ತಾರೆ," ಎಂದಳು. "ನಿಮ್ಮ ಪೊಲೀಸರಿಗಿಂತ ಅದು ಗಟ್ಟಿ. ಸಿದ್ದನೂ ಸೇರಿ ಲೈನಿನೋರು ಹನ್ನೊಂದು ಜನ ಜೈಲಲ್ಲವ್ರೆ. ಬಿಟ್ಟು ಕಳ್ಸಿ. ಯಾವನು ಒಂದಿನ ಬರಲಿಲ್ಲವೋ, ರೈಟರು ಚೀಟಿ ಕಳಿಸ್ಲಿ."

"ಓಡಿಹೋದರೆ?"

"ಎಲ್ಲಿಗೆ ಓಡ್ತಾನೆ ಸ್ವಾಮಿ? ಗೋಣಿಕೊಪ್ಪಲಿನ ಸಂತೆ ದಾಟಿ ಗೊತ್ತಿಲ್ಲ ಅವನಿಗೆ. ಬರದಿದ್ರೆ ನನ್ನ ಕೆಲಸ ತೆಗೀರಿ."

ಮ್ಯಾಜಿಸ್ಟ್ರೇಟರು ನನ್ನ ಮುಖ ನೋಡಿದರು. ಇಂಥದ್ದಕ್ಕೆ ಹಿಂದಿನ ಮೇಲ್ಪಂಕ್ತಿಯಿಲ್ಲ ಎಂದೆ. ಅವರು, ಮೊದಲು ಸಿದ್ದನೊಬ್ಬನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡೋಣ ಎಂದರು. ಏಪ್ರಿಲ್ ಹದಿನೇಳರ ವಾಯಿದೆಗೆ ಅವನು ತಾನಾಗಿ ಕೋರ್ಟಿಗೆ ಬಂದರೆ ಉಳಿದ ಹತ್ತು ಜನರೂ ಹೊರಗೆ. ಬಾರದಿದ್ದರೆ ಆ ಹತ್ತು ಜನ ಅಲ್ಲೇ, ಗಂಗಮ್ಮನಿಗೆ ಕೆಲಸವೂ ಇಲ್ಲ.

ಮುಚ್ಚಳಿಕೆಗೆ ಹೆಬ್ಬೆಟ್ಟಿನ ಗುರುತು ಜೈಲಿನಲ್ಲೇ ಆಯಿತು. ಸಿದ್ದನಿಗೆ ಗಂಗಮ್ಮ ತಾರೀಖನ್ನು ಹತ್ತು ಸಲ ಹೇಳಿ ಕಳಿಸಿದಳು. ಅವನ ಹೆಂಡತಿ ಮುದ್ದಿ ಗೇಟಿನ ಹೊರಗೆ ಕಾಯುತ್ತಿದ್ದಳು. ಇಬ್ಬರೂ ರಸ್ತೆ ಹಿಡಿದು ಹೋದರಂತೆ.

ಹದಿನೇಳನೆಯ ತಾರೀಖು. ಗಂಗಮ್ಮ ಬೆಳಗಿನ ಗಂಜಿ ಮುಗಿಸಿ, ತೊಳೆದ ಸೀರೆಯುಟ್ಟು, ಕೋರ್ಟಿನ ಜಗಲಿಯಲ್ಲಿ ಕುಳಿತಳು. ಹತ್ತೂವರೆಗೆ ಎಸ್ಟೇಟಿನಿಂದ ಚೀಟಿ ಬಂತು: ಸಿದ್ದ ಇವತ್ತು ಚೆಕ್‌ರೋಲಿಗೆ ಬಂದಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಚೀಟಿಯನ್ನು ಆಕೆಗೆ ಓದಿ ಹೇಳಿದೆ.

"ಇಲ್ಲಿಗೆ ಬರೋನು ಅಲ್ಲಿ ಹೆಂಗಿರ್ತಾನೆ?" ಎಂದಳು. ತಲೆಯನ್ನೂ ಎತ್ತಲಿಲ್ಲ.

ಹನ್ನೊಂದಕ್ಕೆ ಜವಾನ ಸಿದ್ದನ ಹೆಸರು ಕೂಗಿದ. ಯಾರೂ ಇಲ್ಲ. ಹನ್ನೆರಡಕ್ಕೆ ಮತ್ತೆ ಕೂಗಿದ. ಇಲ್ಲ. ಗಂಗಮ್ಮ ಎದ್ದು ರಸ್ತೆಯ ತಿರುವಿನವರೆಗೆ ಹೋಗಿ ನೋಡಿ ಬಂದಳು. ಬರುವಾಗ ಆಕೆಯ ಮುಖ ಮೊದಲಿನಂತಿರಲಿಲ್ಲ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, ವಾರಂಟ್ ಬರೆಯಿರಿ ಎಂದರು. ನಾನು ಲೇಖನಿ ಅದ್ದಿದೆ.

ಅಷ್ಟರಲ್ಲಿ ಜೈಲಿನ ವಾರ್ಡರ್ ದೇರಪ್ಪ ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ಕಾಣಿಸಿಕೊಂಡ.

"ಎಂತ ಮಾರಾಯ್ರೆ, ನಮಗೊಂದು ಕಾಗದ ಕೊಡಿ," ಎಂದ ನನ್ನೊಡನೆ. "ಗಂಗಮ್ಮ ಇತ್ತ ಬಂದ ಹಿಂದೆಯೇ ಆ ಸಿದ್ದ ಬಂದು ಗೇಟಲ್ಲಿ ಕೂತಿದ್ದಾನೆ. ಒಳಗೆ ಬಿಡಿ, ಇವತ್ತು ನನ್ನ ತಾರೀಖು ಅಂತಾನೆ. ವಾರಂಟ್ ಇಲ್ದೆ ಒಳಗೆ ಬಿಡುದು ಹೇಗೆ? ಹೋಗು ಅಂದ್ರೂ ಹೋಗುದಿಲ್ಲ."

ಗಂಗಮ್ಮ ಜಗಲಿಯಿಂದ ಇಳಿದು ಓಡಿದಳು. ಐವತ್ತು ದಾಟಿದ ಹೆಂಗಸು ಸೀರೆ ಎತ್ತಿಕಟ್ಟಿ ಪೇಟೆಯ ನಡುವೆ ಓಡಿದ್ದನ್ನು ಊರೇ ನೋಡಿತು. ಅರ್ಧ ಗಂಟೆಯೊಳಗೆ ಸಿದ್ದನ ರಟ್ಟೆ ಹಿಡಿದುಕೊಂಡು ಬಂದು ಕಟಕಟೆಯ ಮುಂದೆ ನಿಲ್ಲಿಸಿದಳು. ಅವನು ಹೆದರಿ ಸುತ್ತಲೂ ನೋಡುತ್ತಿದ್ದ.

"ಕೋರ್ಟಿಗೆ ಬಾ ಅಂದರೆ ಜೈಲಿಗೆ ಯಾಕೆ ಹೋದೆ?" ಮ್ಯಾಜಿಸ್ಟ್ರೇಟರು ಕೇಳಿದರು.

"ಅದೇ ಕೋರ್ಟು ಅಂತ ಮಾಡಿದ್ದೆ, ಒಡೆಯಾ. ಇದನ್ನ ನಾನು ನೋಡಿಯೇ ಇಲ್ಲ."

"ನಾಲ್ಕು ತಿಂಗಳಲ್ಲಿ ಒಂದು ಸಲವೂ?"

"ಇಲ್ಲ. ಹಿಡಿದ ದಿನ ಒಂದು ಬಂಗಲೆಗೆ ಕರ್ಕೊಂಡು ಹೋದ್ರು, ಅಲ್ಲಿ ಒಬ್ರು ಸಾಹೇಬ್ರು ಕಾಗದಕ್ಕೆ ಸಹಿ ಹಾಕಿದ್ರು. ಆಮೇಲೆ ಯಾರೂ ಎಲ್ಲಿಗೂ ಕರ್ಕೊಂಡು ಹೋಗಲಿಲ್ಲ."

ಮ್ಯಾಜಿಸ್ಟ್ರೇಟರು ಸಿದ್ದನ ಕಡತ ತೆಗೆದರು. ಹದಿನೈದು ದಿನಕ್ಕೊಮ್ಮೆ ಬಂಧನ ಮುಂದುವರಿಸುವಾಗ ಕೈದಿಯನ್ನು ಕಣ್ಣಾರೆ ನೋಡಬೇಕೆಂಬುದು ನಿಯಮ. ಕರೆತರುವವರು ಇರಲಿಲ್ಲವಾದ್ದರಿಂದ ನಾನು ಎಲ್ಲರ ಕಡತದಲ್ಲೂ ಬರೆಯುವಂತೆ ಅವನದರಲ್ಲೂ ಬರೆದುಬಿಡುತ್ತಿದ್ದೆ: ಆರೋಪಿಯನ್ನು ಹಾಜರುಪಡಿಸಲಾಯಿತು. ಅವರು ಗಟ್ಟಿಯಾಗಿ ಒಂದೊಂದೇ ತಾರೀಖು ಓದಿದರು. ಎಂಟು ಸಲ ಹಾಜರು. ಕೊನೆಯ ಎರಡರ ಕೆಳಗೆ ಅವರದೇ ಸಹಿಯಿತ್ತು, ಅದನ್ನೂ ಬಿಡದೆ ಓದಿದರು. ನನಗೆ ನಾಚಿಕೆಯಾಯಿತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಉಳಿದ ಹತ್ತು ಜನರ ಬಿಡುಗಡೆಯ ಆದೇಶವನ್ನು ಅಲ್ಲೇ ಹೇಳಿ ಬರೆಸಿದರು. ಇನ್ನು ಮುಂದೆ ಕರೆತರಲು ಪೊಲೀಸರಿಲ್ಲದಿದ್ದರೆ ತಾವೇ ಶುಕ್ರವಾರ ಜೈಲಿನ ಅಂಗಳದಲ್ಲಿ ಕೂರುವುದಾಗಿ ಹೇಳಿದರು, ಹಾಗೆಯೇ ಕೂತರು ಕೂಡ. ಸಿದ್ದನ ಕೇಸು ಮುಂದಿನ ತಿಂಗಳೇ ಬಿದ್ದುಹೋಯಿತು, ಗೋಣಿ ಅವನದೆಂದು ಹೇಳುವ ಸಾಕ್ಷಿಯೇ ಇರಲಿಲ್ಲ. ಗಂಗಮ್ಮ ಮತ್ತೆ ಹನ್ನೊಂದು ವರ್ಷ ಅಲ್ಲೇ ಅಡಿಗೆ ಮಾಡಿದಳು, ನನ್ನನ್ನು ಕಂಡಾಗಲೆಲ್ಲ ಏನಾದರೊಂದು ಅಂದಳು.

ಆದರೆ ಅದು ಆಮೇಲಿನ ಮಾತು. ಆ ಮಧ್ಯಾಹ್ನ ಕೋರ್ಟು ಏಳುವ ಮೊದಲು ಮ್ಯಾಜಿಸ್ಟ್ರೇಟರು ಸಿದ್ದನ ಕಡತವನ್ನು ನನ್ನತ್ತ ತಳ್ಳಿ, ಇವತ್ತಿನದು ಬರೆಯಿರಿ ಎಂದರು. ಸಿದ್ದ ಎರಡು ಮಾರು ದೂರದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಒಮ್ಮೆ ಅವನ ಮುಖವನ್ನು ಸರಿಯಾಗಿ ನೋಡಿದೆ. ಆಮೇಲೆ ಬರೆದೆ: ಆರೋಪಿ ಹಾಜರಿದ್ದಾನೆ.