ವಾಲು ಓಪನ್ ಮಾಡವ್ರೆ, ಬಂದು ನೋಡ್ಕಂಡೋಗಿ

“ನಿಮ್ಮ ಮಾವಂದು ವಾಲು ಲೀಕಾಯ್ತಿತ್ತಲ್ಲ, ಇವತ್ತು ಓಪನ್ ಮಾಡುಬುಟ್ಟವ್ರೆ. ಗಾಬ್ರಿ ಬೀಳ್ಬ್ಯಾಡಿ. ಎಲ್ಲಾರೂ ಒಂದ್ಸಲ ಬಂದು ನೋಡ್ಕಂಡೋಗ್ಬೇಕಂತೆ. ಸಂಜೆಗೆ ಮುಚ್ಚುಬುಡ್ತರೆ.”

ಹೋದ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಬಂದ ಸಮಾಚಾರ ಇಷ್ಟೇ. ನೀವೇ ಹೇಳಿ, ಏನಂತ ಅರ್ಥ ಮಾಡಿಕೊಳ್ಳುತ್ತೀರಿ?

ಫೋನ್ ಮಾಡಿದವನು ಸಿದ್ದಪ್ಪ. ಟಿ. ನರಸೀಪುರದಲ್ಲಿ ನನ್ನ ಸೋದರಮಾವನ ಪಕ್ಕದ ಮನೆಯವನು, ದಿನಸಿ ಅಂಗಡಿ ಇಟ್ಟಿದ್ದಾನೆ. ಮಾವನ ಮನೆಯಲ್ಲಿ ಫೋನಿಲ್ಲ. ಅವರನ್ನು ಕರೆದು ಕೊಡುವ ಪಿ.ಪಿ. ನಂಬರು ಇವನದೇ. “ಏನು ಸಿದ್ದಪ್ಪ, ಸರಿಯಾಗಿ ಹೇಳಪ್ಪ” ಅನ್ನುವಷ್ಟರಲ್ಲಿ ಲೈನು ಕರ್ರೆಂದು ಕಟ್ಟಾಯಿತು. ತಿರುಗಿ ಮಾಡಿದರೆ ಎಂಗೇಜು. ಮತ್ತೆ ಮಾಡಿದರೆ ಮತ್ತೆ ಎಂಗೇಜು. (ಉಳಿದ ನೆಂಟರಿಗೂ ಇದನ್ನೇ ಹೇಳುತ್ತಿದ್ದ ಪುಣ್ಯಾತ್ಮ!)

ಮಾವನ ಹೃದಯದ ವಾಲ್ವ್ ಸ್ವಲ್ಪ ಲೀಕಾಗುತ್ತಿದೆ ಅಂತ ಮೈಸೂರಿನ ಡಾಕ್ಟರು ಈ ಬೇಸಿಗೆಯಲ್ಲಿ ಹೇಳಿದ್ದರು. ಮಾತ್ರೆ ಕೊಟ್ಟಿದ್ದರು, ಬೀಡಿ ಬಿಡಿಸಿದ್ದರು, ಹೆದರಬೇಡಿ ಅಂದಿದ್ದರು. ಆದರೂ ಅವತ್ತಿನಿಂದ ನಮ್ಮ ಮನೆಯಲ್ಲಿ ವಾಲ್ವ್ ಅನ್ನುವ ಪದಕ್ಕೆ ಇದ್ದದ್ದು ಒಂದೇ ಅರ್ಥ.

ಅದೂ ಅಲ್ಲದೆ, ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರಾದರೂ ನೇರವಾಗಿ ಹೇಳುತ್ತಾರೆಯೇ? “ಸ್ವಲ್ಪ ಸೀರಿಯಸ್ಸು, ಬಂದ್ಬುಡಿ” ಅನ್ನುತ್ತಾರೆ. ಕೇಳಿದವರೂ “ಹೌದಾ, ಹೊರಟ್ವಿ” ಅನ್ನುತ್ತಾರೆ. ಇಬ್ಬರಿಗೂ ವಿಷಯ ಗೊತ್ತಿರುತ್ತದೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಗಾಬರಿ ಬೀಳಬೇಡಿ ಅಂದರೆ ಬೀಳಿ ಅಂತಲೇ ಲೆಕ್ಕ. ಒಂದ್ಸಲ ನೋಡಿಕೊಂಡು ಹೋಗಿ ಅಂದರೆ ಇನ್ನೇನೂ ಉಳಿದಿಲ್ಲ ಅಂತ. ಅದರ ಮೇಲೆ ಸಂಜೆಗೆ ಮುಚ್ಚುತ್ತಾರಂತೆ! ನಮ್ಮ ಕುಲದಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಮುಚ್ಚುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕೆ?

ಅವ್ವ ನನ್ನ ಜೊತೆ ನಂಜನಗೂಡಿನಲ್ಲೇ ಇರುತ್ತಾಳೆ. ಮಾವನಿಗಿಂತ ದೊಡ್ಡವಳು. ಅವರಮ್ಮ ಬೇಗ ತೀರಿಕೊಂಡಿದ್ದರಿಂದ ಸೊಂಟದ ಮೇಲೆ ಹೊತ್ತು ತಮ್ಮಂದಿರನ್ನು ಸಾಕಿದವಳು. ನನ್ನ ಮುಖ ನೋಡಿದ್ದೇ ತಡ, ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಬಿಟ್ಟು “ನನ್ ತಮ್ಮನ್ ವಾಲು ಓಯ್ತಾ?” ಅಂತ ಗೋಡೆಗೆ ಒರಗಿ ಕೂತುಬಿಟ್ಟಳು. ನಾನು ಅವಳ ಚಪ್ಪಲಿ ತಂದು ಮುಂದಿಟ್ಟೆ.

ಬಸ್ಸಿನಲ್ಲಿ ಟಿಕೆಟ್ ಕೇಳುವ ಮುಂಚೆಯೇ ಅವ್ವ ಕಂಡಕ್ಟರಿಗೆ ಸುದ್ದಿ ಹೇಳಿದಳು. “ನನ್ ತಮ್ಮ ಓಗ್ಬುಟ್ಟ ಕನಪ್ಪ.” ಪಾಪ, ಆತ ಇಬ್ಬರನ್ನು ಎಬ್ಬಿಸಿ ಸೀಟು ಕೊಡಿಸಿದ. ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ಅವ್ವನ ಕೈ ಹಿಡಿದುಕೊಂಡು ತಾವೂ ಕಣ್ಣೊರೆಸಿಕೊಂಡರು.

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮಾವನನ್ನು ಕೊನೆಯ ಸಲ ನೋಡಿದ್ದು ಯಾವಾಗ? ಯಾರದೋ ಮದುವೆ ಮನೆಯಲ್ಲಿ, ಊಟದ ಸಾಲಿನಲ್ಲಿ. “ಬಾರವ್ವ ಒಂದ್ಸಲ, ಲಾರಿ ರೆಡಿ ಮಾಡ್ತಾವ್ನಿ, ನೋಡೋಗೀವಂತೆ” ಅಂದಿದ್ದರು. “ಬರ್ತೀನಿ ಮಾವ” ಅಂದಿದ್ದೆ. ಎಲೆಯಲ್ಲಿ ಪಾಯಸ ಬೀಳುತ್ತಿತ್ತು, ಮಾತು ಅಲ್ಲಿಗೇ ನಿಂತಿತ್ತು.

ಈ ಲಾರಿಯ ವಿಷಯ ನಿಮಗೆ ಹೇಳಬೇಕು. ಈಗಿನವುಗಳ ಹಾಗೆ ಚಪ್ಪಟೆ ಮುಖದ್ದಲ್ಲ. ಮುಂದೆ ಉದ್ದಕ್ಕೆ ಮೂತಿ ಚಾಚಿಕೊಂಡಿರುವ, ನಮ್ಮ ಅಪ್ಪಂದಿರ ಕಾಲದ ಪೆಟ್ರೋಲ್ ಲಾರಿ. ಮಾವ ಅದರಲ್ಲಿ ಭತ್ತ ಹೊಡೆದರು, ಕಬ್ಬು ಹೊಡೆದರು, ಇಟ್ಟಿಗೆ ಹೊಡೆದರು. ನಮ್ಮನ್ನೆಲ್ಲ ಮೂಟೆಗಳ ಮೇಲೆ ಕೂರಿಸಿಕೊಂಡು ಸುತ್ತಿಸಿದರು. ಅದು ನಿಂತುಹೋದ ಮೇಲೆ ಗುಜರಿಯವರು ಎಷ್ಟೋ ಸಲ ಬಂದು ಕೇಳಿದರು. ಮಾವ ಕೊಡಲಿಲ್ಲ. ಮನೆ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡರು. ಈಗ ಕೆಲಸದಿಂದ ಬಿಡುವಾದ ಮೇಲೆ ಒಂದೊಂದೇ ಪಾರ್ಟು ಹುಡುಕಿ ತಂದು ಅದಕ್ಕೆ ಜೀವ ಬರಿಸುತ್ತಿದ್ದರು. ಇನ್ನು ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಯೋಚಿಸಿದ್ದೇ ತಡ, ನನಗೂ ಅಳು ತಡೆಯಲಾಗಲಿಲ್ಲ.

ನರಸೀಪುರದಲ್ಲಿ ಇಳಿದು ಬೀದಿಯ ಮೂಲೆ ತಿರುಗಿದೆವು. ಮನೆ ಮುಂದೆ ಶಾಮಿಯಾನ ಇಲ್ಲ, ಜನ ಇಲ್ಲ, ಬೆಂಕಿ ಹಾಕಿಲ್ಲ. ನನಗೆ ಎಲ್ಲೋ ಸಣ್ಣ ಅನುಮಾನ. ಅವ್ವನಿಗೆ ಅದೆಲ್ಲ ಕಾಣಿಸಲಿಲ್ಲ. ಗೇಟಿನಿಂದಲೇ ಎದೆ ಬಡಿದುಕೊಂಡು ರಾಗ ತೆಗೆದಳು.

“ಅಯ್ಯೋ ನನ್ ತಮ್ಮನೇ, ನನ್ ಬುಟ್ಟು ಎಂಗೋದ್ಯೋ...”

“ಎಲ್ಗೂ ಓಗಿಲ್ವಲ್ಲಕ್ಕ. ಇಲ್ಲೇ ಇವ್ನಲ್ಲ” ಅಂತು ಲಾರಿಯ ಮೂತಿ.

ಎತ್ತಿದ ಬಾನೆಟ್ಟಿನ ಹಿಂದಿನಿಂದ ಮಾವ ಹೊರಬಂದರು. ಬನಿಯನ್ನು, ಚೆಡ್ಡಿ, ಮೊಣಕೈವರೆಗೆ ಗ್ರೀಸು. ಅವ್ವನ ರಾಗ ಗಂಟಲಲ್ಲೇ ನಿಂತಿತ್ತು. ಆದರೆ ನೋಡಿ, ಹಳೇ ತಲೆ ಹಳೇ ತಲೆಯೇ. ಒಂದು ಕ್ಷಣದಲ್ಲಿ ಸುಧಾರಿಸಿಕೊಂಡು ಅದೇ ರಾಗದಲ್ಲೇ “ಎಷ್ಟು ಸೊರಗೋಗ್ಬುಟ್ಟಿದ್ದೀಯೋ ನನ್ನಪ್ಪಾ...” ಅಂತ ಮುಗಿಸಿದಳು! ಆಮೇಲೆ ಹತ್ತಿರ ಹೋಗಿ ಅವರ ಬೆನ್ನಿಗೆ ಗುದ್ದಿದಳು. ಗುದ್ದಿ, ಆ ಗ್ರೀಸಿನ ತೋಳನ್ನೇ ಹಿಡಿದುಕೊಂಡು ನಿಜವಾಗಿ ಅತ್ತಳು.

“ಅಕ್ಕ ಯಾಕವ್ವ ಇಂಗಾಡ್ತಳೆ?” ಮಾವ ನನ್ನನ್ನು ಕೇಳಿದರು.

“ನಿಮ್ಮನ್ನ ನೋಡಿ ಬಹಳ ದಿನ ಆಗಿತ್ತಲ್ಲ ಮಾವ” ಅಂದೆ. ಸುಳ್ಳಲ್ಲವಲ್ಲ?

ಬೇಲಿಯಾಚೆ ನಿಂತಿದ್ದ ಸಿದ್ದಪ್ಪನನ್ನು ನುಂಗುವ ಹಾಗೆ ನೋಡಿದೆ. ಅವನಿಗೆ ಆಗ ವಿಷಯ ಹೊಳೆಯಿತು. “ನಾನೇನ್ ತಪ್ಪೇಳ್ದೆ ಕಣ್ರವ್ವ?” ಅಂದ ಮೆಲ್ಲಗೆ. “ವಾಲು ಓಪನ್ ಮಾಡವ್ರೆ ಅಂದೆ. ಮಾಡಿಲ್ವಾ?”

ಮಾಡಿದ್ದರು. ಲಾರಿಯದು. ಹೃದಯ ಲೀಕಾಗುವ ಮುಂಚಿನಿಂದಲೂ ಲಾರಿಯ ವಾಲ್ವ್ ಕವರಿನಿಂದ ಆಯಿಲ್ ಲೀಕಾಗುತ್ತಿತ್ತಂತೆ. ಇಂಜಿನ್ನಿನ ತಲೆಯ ಮೇಲೆ ವಾಲ್ವ್‌ಗಳು ಕುಣಿಯುವ ಜಾಗವನ್ನು ಮುಚ್ಚುವ ಉದ್ದನೆಯ ಮುಚ್ಚಳ ಅದು. ಅದನ್ನು ಬಿಚ್ಚಿದ್ದಾರೆ, ಸಂಜೆಗೆ ಮುಚ್ಚುತ್ತಾರೆ. ಸಿದ್ದಪ್ಪನ ಒಂದೊಂದು ಮಾತೂ ಸತ್ಯ.

ಹಾಗಾದರೆ ನಾವೆಲ್ಲ ಯಾಕೆ ಬರಬೇಕಿತ್ತು? ಆರಿಸುವುದಕ್ಕೆ!

ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಮಾವ ಎಲ್ಲವನ್ನೂ ಹರಡಿದ್ದರು. ಪಳಪಳ ಹೊಳೆಯುವ ಆಯಿಲ್ ಕ್ಯಾಪು. ಚಿಟ್ಟೆಯ ರೆಕ್ಕೆಯಂಥ ನಟ್ಟುಗಳು. ಕೆಂಪು, ಹಳದಿ ಪ್ಲಗ್ ವೈರುಗಳು. ಏರ್ ಕ್ಲೀನರಿಗೆ ಹೊಸ ಮುಚ್ಚಳ. ಮದುವೆ ಹೆಣ್ಣಿನ ಒಡವೆ ಜೋಡಿಸಿದ ಹಾಗೆ. ನಟ್ಟನಡುವೆ ಎರಡು ವಾಲ್ವ್ ಕವರು. ಒಂದು ಲಾರಿಯ ಜೊತೆ ಹುಟ್ಟಿದ್ದು, ಉಜ್ಜಿ ತೊಳೆದು ಎಲೆಹಸಿರು ಪೇಂಟು ಹೊಡೆದದ್ದು. ಇನ್ನೊಂದು ಕ್ರೋಮ್ ಹಾಕಿದ್ದು, ಮುಖ ಕಾಣುವಂಥದ್ದು. ಮೈಸೂರಿನ ಹಳೇ ಪಾರ್ಟಿನ ಅಂಗಡಿಯವರು “ತಗೊಂಡೋಗಿ ನೋಡಿ ಸಾರ್, ಬೇಡ ಅಂದ್ರೆ ಸೋಮವಾರ ವಾಪಸ್ ತನ್ನಿ” ಅಂತ ನಂಬಿ ಕಳಿಸಿದ್ದರಂತೆ.

“ಸೀರೆ ಆರ್ಸದ್ರಲ್ಲಿ ನೀನೇ ಅಲ್ವಾ ಎತ್ತಿದ್ ಕೈ. ಇದ್ನೂ ಆರ್ಸು” ಅಂದರು ಮಾವ.

ಮೂಗು ಒರೆಸಿಕೊಂಡು ಕೂತು ಆರಿಸಿದೆ. ನನಗೇನು ಗೊತ್ತು ಇಂಜಿನ್ನಿನ ಅಲಂಕಾರ? ಆದರೂ ಬದುಕಿರುವ ಮಾವ ಕೇಳುತ್ತಿದ್ದಾರೆ, ನಾನು ಹೇಳದೆ ಇರುತ್ತೇನೆಯೇ! ಹಸಿರಿಗೆ ಕೆಂಪು ವೈರು ಒಪ್ಪುತ್ತೆ ಅಂದೆ, ಸೆರಗಿಗೆ ಅಂಚು ಹೊಂದಿಸಿದಂತೆ. ಮಾವನಿಗೆ ಮನಸ್ಸಿನಲ್ಲಿ ಇದ್ದದ್ದೂ ಹಳೆಯದೇ. ಅತ್ತೆ ಮಾತ್ರ ಒಂದು ವಾರದಿಂದ ಕ್ರೋಮಿನ ಪರ. ಮೆಕ್ಯಾನಿಕ್ ಬಾಷಾ ಜಾಣ, “ನೀವ್ ಯಾವ್ದು ಅಂದ್ರೆ ಅದು ಸಾ” ಅಂತ ಬೀಡಿ ಹಚ್ಚಿದ. ಮಾವ ಅವನ ಹೊಗೆಯನ್ನು ಆಸೆಯಿಂದ ನೋಡಿದರು.

“ಅಲ್ಲ ಮಾವ, ಬಾನೆಟ್ ಮುಚ್ಚಿದ ಮೇಲೆ ಇದನ್ನೆಲ್ಲ ಯಾರು ನೋಡ್ತಾರೆ?” ಅಂತ ಕೇಳಿದೆ.

“ಬಂದೋರ್ಗೆ ಎತ್ತಿ ತೋರುಸ್ತೀನಿ ಕಣವ್ವ.”

ಅತ್ತೆ ಕಾಪಿ ತಂದರು. ಲೋಟ ಕೊಡುತ್ತಾ ನಮ್ಮ ಕೈಗಳನ್ನು, ಪಕ್ಕವನ್ನು ನೋಡಿದರು. ಆಗ ಗೊತ್ತಾಯಿತು. ನೆಂಟರ ಮನೆಗೆ ಹೋಗುವಾಗ ಒಂದು ಚಿಪ್ಪು ಬಾಳೆಹಣ್ಣಾದರೂ ಬೇಡವೇ? ಸಾವಿನ ಮನೆಗೆ ಹೋಗುವ ಹಾಗೆ ಬರಿಗೈಲಿ ಬಂದಿದ್ದೆವು. ಏನಂತ ಹೇಳುವುದು?

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಇಳಿದವರು ತಾಂಡವಪುರದ ಸಣ್ಣಮಾವ, ಮಾವನ ಖಾಸಾ ತಮ್ಮ. ಮನೆಯ ಮದುವೆಯೊಂದರ ಲಗ್ನಪತ್ರಿಕೆಯಲ್ಲಿ ಇವರ ಹೆಸರು ಬಿಟ್ಟರು ಅನ್ನುವ ಕಾರಣಕ್ಕೆ ಅಣ್ಣನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಈ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಕಣ್ಣು ಕೆಂಪಗಿದ್ದವು. ಎರಡೂ ಕೈಯಲ್ಲಿ ಆಳೆತ್ತರದ ಸೇವಂತಿಗೆ ಹಾರ.

ಅಣ್ಣ ಕಾಪಿ ಕುಡಿಯುತ್ತಿದ್ದಾನೆ. ತಮ್ಮ ಹಾರ ಹಿಡಿದು ನಿಂತಿದ್ದಾನೆ. ಸಣ್ಣಮಾವ ಬಾಯಿ ತೆರೆದರೆ ಮುಗಿಯಿತು. ನಮ್ಮನ್ನೆಲ್ಲ ನೋಡಿ ಮಾವನ ಮುಖದಲ್ಲಿ ಅರಳಿದ್ದ ಆ ಖುಷಿ ಉಳಿಯುತ್ತಿರಲಿಲ್ಲ.

ಕಾಪಾಡಿದ್ದು ಅತ್ತೆ. “ಅಯ್ಯೋ, ನೋಡ್ರೀ! ಗಾಡಿಗೆ ಅಂತ ಆರ ತಂದವ್ರೆ! ಬರಿಗೈಲಿ ಬರ್ಲಿಲ್ಲ ನಮ್ ಮೈದ್ನ” ಅಂತ ಹಾರ ಇಸಿದುಕೊಂಡು ಲಾರಿಯ ಮೂತಿಗೆ ಹಾಕಿಯೇಬಿಟ್ಟರು. ಅಳತೆ ಮಾಡಿಸಿದ ಹಾಗೆ ಕೂತಿತು. ಸಣ್ಣಮಾವ ನನ್ನ ಕಡೆ ನೋಡಿದರು. ನಾನು ಏನೂ ಹೇಳಬೇಡಿ ಅನ್ನುವ ಹಾಗೆ ತಲೆ ಅಲ್ಲಾಡಿಸಿದೆ. ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಬೆವರು ಒರೆಸಿಕೊಂಡರು.

ಮಾವ ಲೋಟ ಕೆಳಗಿಟ್ಟರು. ತಮ್ಮನ ಮುಖ ನೋಡದೆ, ಚಾಪೆಯ ಮೇಲಿನ ಎರಡು ಕವರುಗಳ ಕಡೆ ಕೈ ತೋರಿಸಿ “ಯಾವ್ದು ಆಕದ್ಲಾ?” ಅಂದರು.

ಸಣ್ಣಮಾವ ಕುಕ್ಕರುಗಾಲಿನಲ್ಲಿ ಕೂತು ಎರಡನ್ನೂ ತಿರುಗಿಸಿ ನೋಡಿದರು. “ಒಳಿಯೋದ್ನ ಆಕಣ್ಣ” ಅಂದರು.

“ಬಾಷಾ, ಅದ್ನೇ ಆಕಪ್ಪ.”

ಅಷ್ಟೇ! ಹಸಿರೂ ಇಲ್ಲ, ನನ್ನ ಕೆಂಪು ವೈರಿನ ಮಾತೂ ಇಲ್ಲ. “ನಾನ್ ವಾರದಿಂದ ಬಡ್ಕತಾವ್ನಿ, ಕೇಳಿಸ್ನಿಲ್ಲ. ತಮ್ಮ ಒಂದ್ಸಲ ಅಂದ, ಆಗೋಯ್ತು” ಅಂತ ಅತ್ತೆ ಗೊಣಗಿಕೊಂಡು ಕೋಳಿ ಹಿಡಿಯಲು ಹೊರಟರು. ಗೊಣಗಾಟದಲ್ಲಿ ನಗು ಇತ್ತು.

ಕ್ರೋಮ್ ಕವರು ನೋಡಲು ಚೆಂದ, ಆದರೆ ಎತ್ತರ ಸ್ವಲ್ಪ ಕಡಿಮೆ. ಒಳಗೆ ಕುಣಿಯುವ ಭಾಗಗಳಿಗೆ ತಾಗಿದರೆ ಟಕಟಕ ಅನ್ನುತ್ತದಂತೆ. ಬಾಷಾ ಕೆಳಗೆ ಒಂದರ ಮೇಲೊಂದು ಎರಡು ಗ್ಯಾಸ್ಕೆಟ್ ಪಟ್ಟಿ ಕೊಟ್ಟು ಎತ್ತರಿಸಿ ಕೂರಿಸಿದ. ಅಣ್ಣ ಒಂದು ಕಡೆ ನಟ್ಟು ತಿರುಗಿಸಿದರು, ತಮ್ಮ ಇನ್ನೊಂದು ಕಡೆ. “ಜಾಸ್ತಿ ಬಿಗೀಬ್ಯಾಡ ಕಣ್ಲಾ.” “ನಂಗ್ ಗೊತ್ತು ಸುಮ್ಕಿರಣ್ಣ.” ಇಂಜಿನ್ ಸ್ಟಾರ್ಟ್ ಮಾಡಿದಾಗ ಎಲ್ಲರೂ ಬಾನೆಟ್ಟಿನ ಮೇಲೆ ಬಗ್ಗಿ ಕಿವಿ ಕೊಟ್ಟೆವು. ತಾಗಲಿಲ್ಲ. ಒಂದು ತೊಟ್ಟು ಆಯಿಲ್ ಸೋರಲಿಲ್ಲ. ಹೊಳೆಯುವ ಕವರಿನಲ್ಲಿ ನಮ್ಮೆಲ್ಲರ ಮುಖಗಳೂ ಸೊಟ್ಟಸೊಟ್ಟಗೆ ನಡುಗುತ್ತಿದ್ದವು. ಅವ್ವ ಲಾರಿಗೆ ಕೈ ಮುಗಿದಳು.

ಆಮೇಲೆ ಊಟ. ಬೆಳಗಿನಿಂದ ತೊಟ್ಟು ನೀರು ಕುಡಿಯದ ಅವ್ವ ಮುದ್ದೆಯ ಮೇಲೆ ಮುದ್ದೆ ಇಳಿಸಿದಳು. ನಾನೂ ಕಡಿಮೆಯಿಲ್ಲ. ಸಂಕಟ ಇಳಿದ ಹೊಟ್ಟೆಗೆ ಎಷ್ಟು ಹಸಿವು ಅಂತ ಅವತ್ತೇ ನನಗೆ ಗೊತ್ತಾದದ್ದು. ಸಣ್ಣಮಾವ ಅಣ್ಣನ ಎಲೆಯ ಪಕ್ಕದಲ್ಲೇ ಕೂತಿದ್ದರು. ಲಗ್ನಪತ್ರಿಕೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಯಾರ ಡ್ರೈವಿಂಗ್ ಕೆಟ್ಟದಾಗಿತ್ತು ಅಂತ ಜಗಳ ಆಡಿಕೊಂಡರು.

ಬಸ್ ಸ್ಟ್ಯಾಂಡಿನವರೆಗೆ ಮಾವ ಬಂದರು. ಅವ್ವ ಸೀಟು ಹಿಡಿಯಲು ಮುಂದಾಗಿ ಹತ್ತಿದಳು. ಮಾವ ನನ್ನನ್ನು ಪಕ್ಕಕ್ಕೆ ಕರೆದರು.

“ನಾನ್ ಓಗ್ಬುಟ್ಟೆ ಅಂತ ತಾನೆ ಎಲ್ಲಾರೂ ಬಂದಿದ್ದು?”

ನಾನು ಬಸ್ಸಿನ ಚಿಲ್ಲರೆ ಎಣಿಸತೊಡಗಿದೆ.

“ಇರ್ಲಿ ಬುಡವ್ವ. ನಾನೂ ಅಂಗೇಯ. ಸಾವು ಅಂದ್ರೆ ಎದ್ದು ಓಡೋಯ್ತೀನಿ. ಬದುಕಿರೋರ್ ಮನೆಗೆ ಓಗಕ್ಕೆ ನಂಗೂ ಪುರ್ಸೊತ್ತಿಲ್ಲ.” ನಕ್ಕರು. ನಿಜವಾಗಿಯೂ ನಕ್ಕರು, ನನಗೆ ಎದೆ ಹಗುರಾಯಿತು. “ಬರೋ ಭಾನ್ವಾರ ಸುಮ್ಕೆ ಬಾ. ಕೆಲ್ಸ ಏನಿಲ್ಲ. ಒಂದ್ಲೋಟ ಕಾಪಿ ಕುಡ್ದು ಓಗೀವಂತೆ.”

“ಖಂಡಿತ ಬರ್ತೀನಿ ಮಾವ” ಅಂದೆ. ಮನಸ್ಸಿನಿಂದಲೇ ಅಂದೆ.

ಇವತ್ತು ಆ ಭಾನುವಾರ. ನಾನು ನಂಜನಗೂಡಿನ ನಮ್ಮ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.