ಮೋರಾಕ್ ಸುಲ್ತಾನನಿಗೆ ಬಿದ್ದ ಕತ್ತರಿ

ಇಕ್ಬಾಲ್ ಮೆಲ್ಲನೆ ಮಾತನಾಡುವ ಮನುಷ್ಯ. ಸ್ವೀಡನ್ನಿನ ಕಿಸ್ಟಾದ ಟೆಲಿಕಾಂ ಕಚೇರಿಯಲ್ಲಿ ಅಷ್ಟು ವರ್ಷ ದುಡಿದರೂ ಅವನು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಅಂಥವನು ೨೦೦೪ರ ವಸಂತದ ಒಂದು ಶನಿವಾರ ಮಧ್ಯಾಹ್ನ, ಸೊಲ್ಲೆಂಟುನಾದ ಸಿನಿಮಾ ಸಂಘದ ಪ್ರದರ್ಶನದ ನಡುವೆ ಎದ್ದು ನಿಂತು, "ನಿಲ್ಲಿಸು! ಲೈಟ್ ಹಾಕು!" ಎಂದು ಕೂಗಿದ.

ತೆರೆಯ ಮೇಲಿದ್ದದ್ದು ಅವನದೇ ಸಂಗ್ರಹದ ಚಿತ್ರ. 'ಕ್ಯಾಪ್ಟನ್ ಡೆಲ್ಮಾರ್' ಎಂಬ ಹನ್ನೆರಡು ಕಂತುಗಳ ಹಳೆಯ ಅಮೆರಿಕನ್ ಧಾರಾವಾಹಿ. ಪತ್ರಿಕೆಯಲ್ಲಿ ದಿನಾ ಬರುತ್ತಿದ್ದ ಕಾಮಿಕ್ಸ್ ಚಿತ್ರಕತೆಯನ್ನೇ ಸಿನಿಮಾ ಮಾಡಿ, ಹಿಂದಿನ ಕಾಲದಲ್ಲಿ ಟಾಕೀಸುಗಳಲ್ಲಿ ವಾರಕ್ಕೊಂದು ಕಂತು ತೋರಿಸುತ್ತಿದ್ದರು. ಪ್ರತಿ ಕಂತಿನ ಕೊನೆಗೂ ನಾಯಕ ಸಾವಿನ ಬಾಯಲ್ಲಿರಬೇಕು. ಜನ ವಾರವಿಡೀ ಉಸಿರು ಬಿಗಿಹಿಡಿದು ಕಾಯಬೇಕು. ಮುಂದಿನ ವಾರ ಬಂದು ನೋಡಿದರೆ, ಕಾರಿನ ಜೊತೆ ಪ್ರಪಾತಕ್ಕೆ ಉರುಳಿದ್ದವನು ಅಂಚಿನಲ್ಲೇ ಹೊರಗೆ ಹಾರಿಕೊಂಡಿರುತ್ತಿದ್ದ. ಹಸಿ ಸುಳ್ಳು. ಆದರೂ ಜನ ಚಪ್ಪಾಳೆ ತಟ್ಟುತ್ತಿದ್ದರು.

ಇಕ್ಬಾಲ್ ಹುಡುಗನಾಗಿದ್ದಾಗ ಕುಂದಾಪುರದಲ್ಲಿ ಆ ಚಿತ್ರಕತೆ ಕನ್ನಡ ಪತ್ರಿಕೆಯೊಂದರಲ್ಲಿ ಬರುತ್ತಿತ್ತು. ದಿನಕ್ಕೆ ಮೂರೇ ಚೌಕ. ಅದರ ಖಳನಾಯಕ ಮೋರಾಕ್ ಸುಲ್ತಾನ: ಪೇಟ, ಕೊಂಕು ಗಡ್ಡ, ಮಾತಿಗೊಂದು ಸಲಾಂ, ಬೆನ್ನಿಗೊಂದು ಚೂರಿ. ಶಾಲೆಯಲ್ಲಿ ಹುಡುಗರು ಇಕ್ಬಾಲನನ್ನು 'ಮೋರಾಕ್' ಎಂದೇ ಕರೆಯುತ್ತಿದ್ದರು. ಅವನಿಗೆ ಮೈ ಉರಿಯುತ್ತಿತ್ತು. ಹಾಗೆಂದು ಓದುವುದನ್ನು ಬಿಡಲಿಲ್ಲ. ಬೆಳಗಾದರೆ ಸೆಲೂನಿಗೆ ಓಡಿ, ಪತ್ರಿಕೆ ಯಾರ ಕೈಯಲ್ಲಿದ್ದರೂ ಹೆಗಲ ಮೇಲಿಂದ ಇಣುಕಿ, ಆ ಮೂರು ಚೌಕ ನೋಡಿಯೇ ಶಾಲೆಗೆ ಹೋಗುತ್ತಿದ್ದ. ಡೆಲ್ಮಾರನ ಮೇಲೆ ಪ್ರೀತಿ, ಸುಲ್ತಾನನನ್ನು ಬರೆದವನ ಮೇಲೆ ಸಿಟ್ಟು. ಎರಡೂ ಅವನ ಜೊತೆಗೇ ಬೆಳೆದವು.

ಸ್ವೀಡನ್ನಿಗೆ ಬಂದ ಮೇಲೆ ಅದು ಸಿನಿಮಾ ಕೂಡ ಆಗಿತ್ತೆಂದು ಗೊತ್ತಾಯಿತು. ಸಂತೆಗಳಲ್ಲಿ, ಹರಾಜುಗಳಲ್ಲಿ, ದೂರದ ಊರುಗಳ ಸಂಗ್ರಾಹಕರ ಬಳಿ ಹುಡುಕಿ ಹುಡುಕಿ ಹನ್ನೆರಡೂ ಕಂತುಗಳ ರೀಲು ಒಟ್ಟು ಮಾಡಿದ. ಸುಲ್ತಾನನ ವೇಷದಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಬಿಳಿಯನೊಬ್ಬನನ್ನು ಮೊದಲ ಸಲ ನೋಡಿದ ದಿನ ಅವನು ಊಟ ಮಾಡಲಿಲ್ಲ. ಮರುದಿನ ಅದೇ ರೀಲನ್ನು ಮತ್ತೆ ಹಾಕಿ ನೋಡಿದ.

ಸಂಘದ ಅಧ್ಯಕ್ಷ ಲೆನಾರ್ಟ್ ನಿವೃತ್ತ ಮೇಷ್ಟ್ರು, ನಗುಮುಖದವನು. ವಸಂತೋತ್ಸವಕ್ಕೆ ರೀಲು ಕೇಳಿದಾಗ ಇಕ್ಬಾಲ್ ಸಂತೋಷದಿಂದಲೇ ಕೊಟ್ಟಿದ್ದ. ವಾರಕ್ಕೊಂದು ಕಂತು ತೋರಿಸುವುದೆಂದು ಮಾತಾಗಿತ್ತು.

ಆ ಶನಿವಾರ ಮೊದಲ ಕಂತಿನ ಕೊನೆಯಲ್ಲಿ ಡೆಲ್ಮಾರನ ವಿಮಾನಕ್ಕೆ ಬೆಂಕಿ ಬಿತ್ತು. ಇಕ್ಬಾಲ್ ಕುರ್ಚಿಯ ಅಂಚಿಗೆ ಬಂದ. ಈಗ ಕಂತು ಮುಗಿಯಬೇಕು, ದೀಪ ಹತ್ತಬೇಕು. ಹತ್ತಲಿಲ್ಲ. ಮರುಕ್ಷಣವೇ ಡೆಲ್ಮಾರ್ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ. ಅದು ಎರಡನೆಯ ಕಂತು. ಅದಾದ ಮೇಲೆ ಸುಲ್ತಾನನ ದರ್ಬಾರಿನ ದೃಶ್ಯ ಬರಬೇಕಿತ್ತು. ಅದೂ ಬರಲಿಲ್ಲ. ಆಗ ಅವನು ಎದ್ದು ಕೂಗಿದ್ದು.

ದೀಪ ಹತ್ತಿತು. ಲೆನಾರ್ಟ್ ಪ್ರೊಜೆಕ್ಟರ್ ಪಕ್ಕದಿಂದ ಮುಂದೆ ಬಂದ. ಆ ದೇಶದ ಭಾಷೆಯಲ್ಲಿ ಎಲ್ಲರೂ ಎಲ್ಲರಿಗೂ 'ನೀನು'.

"ಇಕ್ಬಾಲ್, ಸಮಾಧಾನ. ಮಕ್ಕಳು ಬಂದಿದ್ದಾರೆ. ವಾರವಾರ ಯಾರು ಬರ್ತಾರೆ ಹೇಳು? ಒಂದೇ ಸಿನಿಮಾ ಮಾಡಿ ಜೋಡಿಸಿದೆ."

"ಜೋಡಿಸಿದೆಯಾ? ಕತ್ತರಿಸಿದೆ ಅನ್ನು. ನನ್ನ ರೀಲನ್ನು, ನನ್ನನ್ನು ಕೇಳದೆ!"

"ಕೊನೆಗಳನ್ನೂ, ಮತ್ತೆ ಮತ್ತೆ ಬರುವ ಶುರುವನ್ನೂ ತೆಗೆದೆ, ಅಷ್ಟೆ."

"ದರ್ಬಾರಿನ ದೃಶ್ಯ ಎಲ್ಲಿ?"

ಲೆನಾರ್ಟ್ ದನಿ ತಗ್ಗಿಸಿದ. "ಅದನ್ನು ನಿನಗೋಸ್ಕರವೇ ತೆಗೆದೆ. ಆ ಪೇಟದವನ ದೃಶ್ಯಗಳು ತುಂಬಾ ಕೆಟ್ಟದಾಗಿವೆ. ಇಷ್ಟು ಜನರ ಮುಂದೆ ನಿನಗೆ ನೋವಾಗಬಾರದು ಅಂತ."

ಇಕ್ಬಾಲನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ನೋವು ಎಷ್ಟಿರಬೇಕು ಅಂತ ಅಳೆಯೋಕೆ ನೀನ್ಯಾರು? ಅವನನ್ನು ಆ ಥರ ಮಾಡಿದ್ದು ನಿಮ್ಮ ಕಡೆಯವರು. ಈಗ ನೋಡೋಕೆ ನಾಚಿಕೆ ಆಯ್ತಾ? ನಿನ್ನ ನಾಚಿಕೆಗೆ ನನ್ನ ಹೆಸರು ಹೇಳಬೇಡ!"

ಹಿಂದಿನ ಸಾಲಿನ ಹೆಂಗಸೊಬ್ಬಳು ಮಗುವಿನ ಕಿವಿ ಮುಚ್ಚಿದಳು. ಇಕ್ಬಾಲ್ ರೀಲುಗಳನ್ನು ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಹೊರಟ.

ಮರುವಾರ ಸಂಘದವರು ಕರೆದರು. ದಾಲ್ಚಿನ್ನಿ ಬನ್ನು, ಕಾಫಿ. ಫಿಕಾ ಎಂಬ ಅಲ್ಲಿನ ಕಾಫಿಕೂಟ ಮಾಡುತ್ತ ಚರ್ಚಿಸಿದ್ದು ಕತ್ತರಿಯ ವಿಚಾರವನ್ನಲ್ಲ, ಅವನ ಕೂಗಾಟವನ್ನು. ಅದಕ್ಕೆ 'ಘಟನೆ' ಎಂದು ಹೆಸರಿಟ್ಟಿದ್ದರು. "ನಿನ್ನ ಸಿಟ್ಟಿನಿಂದ ಕೆಲವರಿಗೆ ಭಯವಾಗಿದೆ," ಎಂದಳು ಕಾರ್ಯದರ್ಶಿ, ಬಹಳ ಮೃದುವಾಗಿ. ಇಕ್ಬಾಲ್ ಕಾಫಿ ಮುಟ್ಟಲಿಲ್ಲ. "ಕತ್ತರಿಸಿದ ತುಂಡು ವಾಪಸ್ ಕೊಡಿ," ಎಂದಷ್ಟೇ ಹೇಳಿ ಎದ್ದು ಬಂದ.

ಮನೆಯಲ್ಲೂ ಸಮಾಧಾನವಿರಲಿಲ್ಲ. ಹೆಂಡತಿ ಮೈಮೂನಾ ದಾವಣಗೆರೆಯವಳು. ಅವಳ ಮನೆಮಾತು ಉರ್ದು, ಇವನದು ಬ್ಯಾರಿ. ಇಬ್ಬರ ಸಂಸಾರ ನಡೆಯುತ್ತಿದ್ದುದು ಕನ್ನಡದಲ್ಲಿ.

"ಬಿಡ್ರೀ ಅತ್ಲಾಗೆ. ಒಂದು ಹಳೇ ಪಿಕ್ಚರ್‌ಗೋಸ್ಕರ ಇಷ್ಟು ಬಿ.ಪಿ. ಏರಿಸ್ಕೋಬೇಕಾ? ನಾಳೆ ಎಲ್ರೂ ನಮ್ಮನ್ನೇ ಬೆರಳು ಮಾಡಿ ತೋರಿಸ್ತಾರೆ."

"ತೋರಿಸ್ಲಿ. ಸುಮ್ನಿದ್ರೆ ತೋರಿಸಲ್ವಾ? ಇಷ್ಟು ವರ್ಷ ಸುಮ್ನೇ ಇದ್ನಲ್ಲ!"

ಕೆಲವು ದಿನ ಕಳೆದು ಲೆನಾರ್ಟ್ ಒಂದು ಬಿಸ್ಕತ್ತಿನ ಡಬ್ಬ ಹಿಡಿದು ಬಾಗಿಲಿಗೆ ಬಂದ. ಒಳಗೆ ಸುರುಳಿ ಸುತ್ತಿದ ಫಿಲ್ಮಿನ ತುಂಡುಗಳು. "ಸಿಕ್ಕಷ್ಟು ತಂದಿದ್ದೇನೆ. ಉಳಿದದ್ದನ್ನು ಎಸೆದುಬಿಟ್ಟಿದ್ದೆ. ನಾನು ಒಳ್ಳೆಯದನ್ನೇ ಯೋಚಿಸಿದ್ದೆ, ಇಕ್ಬಾಲ್."

"ಗೊತ್ತು. ಅದೇ ನಿನ್ನ ತಪ್ಪು," ಎಂದು ಇಕ್ಬಾಲ್ ಡಬ್ಬ ತೆಗೆದುಕೊಂಡು ಬಾಗಿಲು ಹಾಕಿದ.

ಮೈಮೂನಾ ಅಡುಗೆಮನೆಯಿಂದ ಬಂದಳು. "ಮನೆಗೆ ಬಂದೋರ್ಗೆ ಒಂದು ಲೋಟ ಚಹಾನೂ ಇಲ್ವಾ? ಥೂ, ಎಂಥಾ ಮನುಷ್ಯಾರೀ ನೀವು!" ಎಂದು ಎರಡು ದಿನ ಮಾತು ಬಿಟ್ಟಳು.

ಇಕ್ಬಾಲ್ ಊಟದ ಮೇಜಿನ ಮೇಲೆ ತುಂಡುಗಳನ್ನು ಹರವಿಕೊಂಡು ಕುಳಿತ. ಬೇಸಿಗೆ ಪೂರ್ತಿ ಅದೇ ಕೆಲಸ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಅದರ ಜಾಗ ಹುಡುಕಿ ಅಂಟಿಸಿದ. ಆರನೆಯ ಕಂತು ಮಾತ್ರ ಸರಿಹೋಗಲೇ ಇಲ್ಲ. ಸುಲ್ತಾನ ಏನೋ ಹೇಳಲು ಬಾಯಿ ತೆರೆಯುತ್ತಾನೆ, ಆಗಲೇ ಡೆಲ್ಮಾರ್ ಬಾವಿಯೊಳಗೆ ಬೀಳುತ್ತಿರುತ್ತಾನೆ.

ಚಳಿಗಾಲ ಶುರುವಾದಾಗ ಅಪಾರ್ಟ್‌ಮೆಂಟಿನ ಸಮುದಾಯ ಕೋಣೆಯಲ್ಲಿ ಕನ್ನಡದ ಮನೆಗಳವರನ್ನು ಕರೆದು ಭಾನುವಾರಕ್ಕೊಂದೇ ಕಂತು ತೋರಿಸಿದ. ಆರನೆಯ ವಾರ ಪದ್ಮಿನಿ ಎಂಬ ಹೊಸ ಪರಿಚಯದ ಹೆಂಗಸು ಕೇಳಿಯೇ ಬಿಟ್ಟಳು. "ಇಕ್ಬಾಲ್ ಅವರೇ, ತಪ್ಪು ತಿಳ್ಕೋಬೇಡಿ. ನಿಮ್ಮೋರನ್ನೇ ಇಷ್ಟು ಕೆಟ್ಟದಾಗಿ ತೋರ್ಸಿದಾರೆ. ಇದನ್ನ ಯಾಕೆ ಇಟ್ಕೊಂಡಿದೀರಾ?"

ಮಗಳು ತಸ್ನೀಮ್ ಮೊಬೈಲಿನಿಂದ ತಲೆ ಎತ್ತಿದಳು.

"ಇದು ನನ್ನ ಬಾಲ್ಯ, ಪದ್ಮಿನಿಯವರೇ. ಇದ್ರಲ್ಲಿ ಒಂದು ಚೂರೂ ಕಡ್ಮೆ ಆಗ್ಬಾರ್ದು. ಕೋಪ ಬರತ್ತೆ. ಬರ್ಲಿ. ಇದನ್ನ ಮಾಡ್ದೋರ ಮೇಲೆ ಬರಬೇಕಾದ ಕೋಪ ಅದು. ಕತ್ತರಿಸಿಬಿಟ್ರೆ ನಾನು ಯಾರ ಮೇಲೆ ಸಿಟ್ಟಾಗ್ಲಿ?"

ಪದ್ಮಿನಿ ಮುಂದಿನ ವಾರವೂ ಬಂದಳು. ಆ ದಿನ ಮನೆಗೆ ಹೋಗುವಾಗ ತಸ್ನೀಮ್ ಅಪ್ಪನಿಗೆ ಸ್ವೀಡಿಷ್‌ನಲ್ಲಿ, "ಅಬ್ಬಾ, ಸ್ಕೂಲಲ್ಲಿ ನನ್ನನ್ನೂ ಒಬ್ಬ ಏನೇನೋ ಕರೀತಾನೆ," ಎಂದಳು. ಇಕ್ಬಾಲ್ ಹಿಮದಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡ. ಸೋಮವಾರ ಕಚೇರಿಗೆ ರಜೆ ಹಾಕಿ ಅವಳ ಜೊತೆ ಶಾಲೆಗೆ ಹೋದ. ಅಲ್ಲಿಯೂ ಮೊದಲು ಕಾಫಿ ಕೊಟ್ಟರು. ಅವನು ಬೇಡವೆಂದು ಮಾತು ಶುರು ಮಾಡಿದ.