ಅತ್ತೆಯ ಅದೇ ಮಾತು

ಯಾರಾದರೂ ಚಪ್ಪಲಿ ಮೆಟ್ಟುವುದು ಕಂಡರೆ ಸಾಕು, ನಮ್ಮತ್ತೆಯ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ಹುಸಾರಾಗಿ ಹೋಗ್ಬುಟ್ಟು ಬಾ ಕಣಮ್ಮ.” ಹೊಸಿಲಲ್ಲೊಮ್ಮೆ, ಬೀದಿಯ ತಿರುವಿನಲ್ಲೊಮ್ಮೆ, ಬಸ್ಸಿನ ಕಿಟಕಿಯ ಕೆಳಗೆ ನಿಂತು ಮತ್ತೊಮ್ಮೆ. ಕಲ್ಯಾಣದುರ್ಗದ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದು ನನಗೆ ತಲೆನೋವೇ ಆಗಿತ್ತೆಂದು ನಿಮ್ಮ ಬಳಿ ಮುಚ್ಚಿಡುವುದೇಕೆ?

ಎಂಬತ್ತರ ದಶಕದ ಮಾತು. ಮನೆಯಲ್ಲೇ ಓದಿ ಬಿ.ಎ. ಕಟ್ಟಿದ್ದ ನಾನು ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಈ ಸಲವೂ ಹೋದರೆ ಪುಸ್ತಕ ಕಟ್ಟಿಡಬೇಕೆಂದು ಮಾವ ಖಡಾಖಂಡಿತವಾಗಿ ಹೇಳಿದ್ದರು. ಟೀಚರಾಗುವ ನನ್ನ ಆಸೆ ಅಲ್ಲಿಗೆ ಮುಗಿದಂತೆ. ಕಾಡುತ್ತಿದ್ದದ್ದು ಒಂದು ಹಳೆಯ ಇಂಗ್ಲಿಷ್ ಪದ್ಯ, ಕಡಲ ದಂಡೆಯಲ್ಲಿ ದೋಣಿಗಾಗಿ ಕಾಯುವವಳ ಹಾಡು. ಪ್ರಾಸ ಸುಲಭವಾಗಿ ಸಿಕ್ಕಿತು: ನಮ್ಮ ಹಳಗನ್ನಡದ ಪ್ರಾಸ ಸಾಲಿನ ಮೊದಲಲ್ಲೇ, ಎರಡನೆಯ ಅಕ್ಷರದಲ್ಲಿ, ಜಾಗ ಹಿಡಿದು ಕೂತುಬಿಡುತ್ತದೆ, ಇಂಗ್ಲಿಷಿನದು ಕಂಡಕ್ಟರನಂತೆ ಹಿಂಬಾಗಿಲಲ್ಲಿ ನೇತಾಡುತ್ತದೆ. ಲಯವೂ ಒಲಿಯಿತು: ಮೆಲ್ಲಗೊಂದು, ಗಟ್ಟಿಯಾಗೊಂದು ಪೆಟ್ಟು. ರಾಗಿಮುದ್ದೆ ತೊಳಸುತ್ತಲೇ ಎಣಿಸಿಕೊಂಡೆ. ಮುದ್ದೆ ಗಂಟಾಯಿತೇ ಹೊರತು ಲಯ ಗಂಟಾಗಲಿಲ್ಲ. ಆದರೆ ಪ್ರತಿ ನುಡಿಯ ಕೊನೆಗೂ ‘ದೋಣಿ ಬಂದೇ ಬರುತ್ತದೆ’ ಎಂಬ ಅದೇ ಸಾಲೇಕೆ? ಹೇಳಿದ್ದನ್ನೇ ಹೇಳಲು ಕವಿಯೇನು ನಮ್ಮತ್ತೆಯೇ ಎಂದು ನಕ್ಕು ಪುಸ್ತಕ ಮುಚ್ಚಿದ್ದೆ.

ಪರೀಕ್ಷೆ ಹಿಂದೂಪುರದಲ್ಲಿ. ಅಂದು ಮುಂಜಾನೆ ಹೊಸಿಲಲ್ಲಿ ಅತ್ತೆ ಅಂದದ್ದು ರೂಢಿಯ ಮಾತು. ತಿರುವಿನಲ್ಲಿ ಅಂದಾಗ ಅದರೊಳಗೆ ಅಳುಕು ಸೇರಿತ್ತು. ಕಿಟಕಿಯ ಕೆಳಗೆ ಚಿತ್ರಾನ್ನದ ಡಬ್ಬಿ ಕೊಡುತ್ತ ಅಂದಾಗ ದನಿಯೇ ಒಡೆಯಿತು. ಮಾವನೆದುರು ನನ್ನ ಪರವಾಗಿ ನಿಂತಿದ್ದ ಜೀವ ಅದೊಂದೇ. ಬಸ್ಸು ಸೋಮಂದೇಪಲ್ಲಿ ದಾಟುವಾಗ ತಟ್ಟನೆ ಹೊಳೆಯಿತು: ಮಾತು ಅದೇ ಇರುತ್ತದೆ, ಆಡುವವರ ಮನಸ್ಸು ಅಷ್ಟರಲ್ಲಿ ಬಹುದೂರ ಹೋಗಿರುತ್ತದೆ. ಕಡಲ ದಂಡೆಯವಳೂ ಮೊದಲ ಸಲ ನಂಬಿಕೆಯಿಂದ ಹೇಳುತ್ತಾಳೆ, ಕೊನೆಯ ಸಲ ನಂಬಿಕೆ ಕೈಬಿಡದಿರಲೆಂದು ಹೇಳುತ್ತಾಳೆ. ಉತ್ತರಪತ್ರಿಕೆಯಲ್ಲಿ ಹಾಗೆಯೇ ಬರೆದೆ.

ಸಂಜೆ ಮರಳಿದರೆ ಅತ್ತೆ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು.

“ಏನ್ ಬರ್ದೆ ಕಣಮ್ಮ?”

“ನಿಮ್ಮ ಮಾತೇ ಬರ್ದೆ, ಅತ್ತೆ.”

“ಎಷ್ಟ್ ಕಿತ?”

“ಒಂದೇ ಸಲ.”

“ಅಯ್ಯೋ, ಒಂದ್ ಕಿತ ಹೇಳಿದ್ರೆ ಯಾರ್ಗೆ ಅರ್ಥಾಯ್ತದೆ? ಸರ್ಲೇ, ನಡಿ, ಉಣ್ಣೀವಂತೆ.”

ಪಾಸಾದೆ, ಟೀಚರೂ ಆದೆ. ಕೆಲಸಕ್ಕೆ ಹೊರಟ ಮೊದಲ ದಿನ ಅತ್ತೆ ಹೊಸಿಲಲ್ಲಿ ಹೇಳಿದರು, ತಿರುವಿನಲ್ಲಿ ಹೇಳಿದರು. ಬಸ್ಸು ಹತ್ತಿ ಕೂತ ನಾನು, ಮೂರನೆಯದು ಕಿವಿಗೆ ಬೀಳುವ ತನಕ, ಕಿಟಕಿಯಿಂದ ಕತ್ತು ಒಳಗೆಳೆದುಕೊಳ್ಳಲಿಲ್ಲ.